ಬೋರ್ಡಕ್ಕನ ತಮ್ಮ

ಅಪ್ಪ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಅವರ ಕುಂಚಗಳು, ಒಂದು ಏಣಿ ಮತ್ತು ಅರ್ಧಕ್ಕೆ ನಿಂತ ಅಂಗಡಿ ಬೋರ್ಡುಗಳು. ಮಕ್ಕಳಿಬ್ಬರಿಗೂ ಕೈ ಕುದುರಿತ್ತು. ಆದರೆ ಚಿತ್ರಕಲಾ ಶಾಲೆಗೆ ಒಬ್ಬರನ್ನಷ್ಟೇ ಕಳಿಸಲು ಸಾಧ್ಯವಿತ್ತು. ತಮ್ಮ ಹೋದ. ಅಕ್ಕ ಏಣಿ ಹತ್ತಿದಳು.

ತಮ್ಮ ದೊಡ್ಡ ಹೆಸರು ಮಾಡಿದ. ಅವಳು ಔಷಧಿ ಅಂಗಡಿಗೆ, ದರ್ಜಿಗೆ, ಶಾಲೆಯ ಗೋಡೆಗೆ ಅಕ್ಷರ ಬರೆಯುತ್ತಲೇ ಮುದುಕಿಯಾದಳು. ಊರಿಗೆಲ್ಲ ಅವಳು ಬೋರ್ಡಕ್ಕ. ತಮ್ಮನ ಬಗ್ಗೆ ಬರೆಯಲು ಬಂದವರು ಅವಳು ಕೊಟ್ಟ ಚಹಾ ಕುಡಿದು, ಅವನು ಚಿಕ್ಕಂದಿನಲ್ಲಿ ಹೇಗಿದ್ದನೆಂದು ಕೇಳಿಕೊಂಡು ಹೋಗುತ್ತಿದ್ದರು. ಅಂಗಳದಲ್ಲಿ ಒಣಗಲು ಇಟ್ಟ ಬೋರ್ಡುಗಳನ್ನು ಹುಷಾರಾಗಿ ದಾಟುತ್ತಿದ್ದರೇ ಹೊರತು, ಬರೆದವರು ಯಾರೆಂದು ಒಬ್ಬರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ತಮ್ಮ ದೊಡ್ಡ ಚಿತ್ರವೊಂದನ್ನು ಹೊತ್ತು ತಂದ. ಸ್ಟೇಷನ್ನಿನ ಬೆಂಚಿನ ಮೇಲೆ ರೈಲು ಕಾಯುತ್ತ ಕುಳಿತ ಜನ. ಮುಖಗಳಿಗಿನ್ನೂ ಗೆರೆ ಬಿದ್ದಿರಲಿಲ್ಲ. ಅವನ ಬಲಗೈ ನಡುಗುತ್ತಿತ್ತು. ವಾಸಿಯಾಗುವಂಥದ್ದಲ್ಲ ಎಂದಿದ್ದರಂತೆ ಡಾಕ್ಟರು. ಪ್ರದರ್ಶನ ಬೇರೆ ಹತ್ತಿರ ಬಂದಿತ್ತು.

"ಗೆರೆ ನೀನು ಎಳೆದುಕೊಡು ಅಕ್ಕ. ಯಾರಿಗೂ ಗೊತ್ತಾಗಲ್ಲ."

ಚಪ್ಪಲಿ ಅಂಗಡಿಯ ಬೋರ್ಡಿಗೆ ಹಳದಿ ತುಂಬುತ್ತಿದ್ದವಳು ಕುಂಚ ಕೆಳಗಿಟ್ಟಳು.

"ಯಾರಿಗೂ ಗೊತ್ತಾಗದ ಕೆಲಸ ನಂಗೆ ಬೇಡಪ್ಪ. ನಾನು ಬರೆದದ್ದನ್ನ ಬೀದಿಯವರೆಲ್ಲ ಓದ್ತಾರೆ."

ಅವನ ಮುಖ ಸಪ್ಪಗಾಯಿತು. ಶಾಲೆಗೆ ತನ್ನನ್ನು ಕಳಿಸಿದ್ದಕ್ಕೆ ಇನ್ನೂ ಸಿಟ್ಟಿದೆಯೇ ಎಂದು ಕೇಳಿದ.

"ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಕೆಲಸ ಮೈಮೇಲೆ ಬಿತ್ತು. ಉರಿಯೋಕೂ ಪುರಸೊತ್ತು ಸಿಗಲಿಲ್ಲ."

ನಡುಗಿದರೆ ನಡುಗಲಿ, ನಿನ್ನ ಗೆರೆ ನೀನೇ ಎಳೆ ಎಂದಳು. ಕೈ ನೆಟ್ಟಗಿರುವವರಿಗೆ ಹೇಳುವುದು ಸುಲಭ ಎಂದು ಗೊಣಗಿ, ಚಿತ್ರ ಸುತ್ತಿಕೊಂಡು ಅವನು ಚಹಾವನ್ನೂ ಮುಟ್ಟದೆ ಹೊರಟುಹೋದ. ತನ್ನ ಮಾತು ತುಸು ಬಿರುಸಾಯಿತೇನೋ ಎಂದು ಅವಳು ಕೊರಗಿದಳು. ಆದರೂ ಹೇಳಿಕಳಿಸಲಿಲ್ಲ.

ಕರೆಯದಿದ್ದರೂ ಪ್ರದರ್ಶನಕ್ಕೆ ಹೋದಳು. ಚಿತ್ರ ಗೋಡೆಯ ಮೇಲಿತ್ತು. ಮುಖಗಳ ಗೆರೆಯೆಲ್ಲ ಅಲುಗಿತ್ತು, ರೈಲು ಬಂದು ಬೆಂಚೇ ಅದುರುತ್ತಿದೆಯೇನೋ ಎನ್ನುವಂತೆ. ಇವರ ಕಾಲ ಮುಗಿಯಿತು ಎಂದು ಯಾರೋ ಪಿಸುಗುಟ್ಟಿದರು. ಅವಳು ಮಾತ್ರ ಬಹಳ ಹೊತ್ತು ನೋಡುತ್ತ ನಿಂತಳು.

ತಮ್ಮ ಅವಳನ್ನು ಕಂಡು ಹತ್ತಿರ ಬಂದ. ಸುತ್ತಲಿದ್ದವರಿಗೆ, "ನನ್ನಕ್ಕ. ನಮ್ಮೂರಿನ ಬೋರ್ಡೆಲ್ಲ ಇವಳ ಕೈಬರಹ," ಎಂದ.

ಹಲವರು ಮುಗುಳ್ನಕ್ಕು ಅವನತ್ತಲೇ ತಿರುಗಿದರು. ಹಲ್ಲಿನ ಡಾಕ್ಟರಮ್ಮ ಒಬ್ಬರು ಮಾತ್ರ ಹೊಸ ದವಾಖಾನೆ ತೆರೆಯುತ್ತಿದ್ದೇನೆ, ಬೋರ್ಡು ಬರೆದುಕೊಡುತ್ತೀರಾ ಎಂದು ಕೇಳಿದರು. ಬಾಗಿಲು ಎಷ್ಟು ಅಗಲ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಅಕ್ಕ ವಿಚಾರಿಸತೊಡಗಿದಳು. ಮಾತು ಮುಗಿಯುವವರೆಗೆ ತಮ್ಮ ಅವಳ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.