ಹಾಲುಬಣ್ಣದ ಕೋಟಿನ ಮೇಲೆ ಚೌಕ

ಸಮಿತಿಯವರು ಬರುವುದು ಹನ್ನೆರಡಕ್ಕೆ. ಕಪಿತೋಲಿನಾ ಅರ್ಕಾದ್ಯೆವ್ನಾ ಹತ್ತೂವರೆಗೇ ರಂಗಮಂದಿರದ ಮೆಟ್ಟಿಲ ಮೇಲೆ ನಿಂತಿದ್ದಳು. ನಿಂತಿದ್ದಳು ಎನ್ನುವುದೂ ಸುಳ್ಳೇ. ಆರು ಕಂಬಗಳ ನಡುವೆ ಆ ತುದಿಯಿಂದ ಈ ತುದಿಗೆ ಸುತ್ತುತ್ತಿದ್ದಳು. ಕಂಕುಳಲ್ಲಿ ರಟ್ಟಿನ ಕಡತ. ಎರಡು ನಿಮಿಷಕ್ಕೊಮ್ಮೆ ಅದರ ದಾರ ಬಿಚ್ಚಿ, ಒಳಗಿನ ಹಾಳೆ ಇದೆಯೇ ಎಂದು ನೋಡಿ, ಮತ್ತೆ ಕಟ್ಟುವಳು. ಹಾಳೆಗೇನು ಕಾಲು ಬಂದಿರಲಿಲ್ಲ. ಆದರೂ ಅವಳ ಜೀವ ತಡೆಯದು.

ಎದುರಿನ ಚೌಕ ಒಂದು ಕಾಲಕ್ಕೆ ಹುಲ್ಲಿನ ಸಂತೆಯಾಗಿತ್ತು. ರಂಗಮಂದಿರ ಕಟ್ಟಿದವನು ಹುಲ್ಲಿನ ಗಾಡಿಗಳನ್ನು ಎಬ್ಬಿಸಿ, ಎಡಬಲಕ್ಕೆ ಹಳದಿ ಮನೆಗಳನ್ನು ನಿಲ್ಲಿಸಿ, ಎದುರು ಬದಿಯನ್ನು ಮಾತ್ರ ಬೇಕೆಂದೇ ಖಾಲಿ ಬಿಟ್ಟಿದ್ದ. ನಾಟಕ ಮುಗಿದು ಬಾಗಿಲು ತೆರೆದರೆ ಎದುರಿಗೆ ವೋಲ್ಗಾ. ಈಗ ಆ ಖಾಲಿ ಜಾಗದಲ್ಲಿ ಒಂಬತ್ತು ಮಹಡಿಯ ಹೋಟೆಲು ಏಳಬೇಕಂತೆ, ಅದಕ್ಕೆ ಒಪ್ಪಿಗೆ ಕೊಡುವುದೋ ಬಿಡುವುದೋ ಈ ಸಮಿತಿ. ಅಲ್ಲಿ ಮೊದಲೂ ಒಂದು ಕಟ್ಟಡ ಇತ್ತು, ಯುದ್ಧದಲ್ಲಿ ಬಾಂಬಿಗೆ ಹೋಯಿತು, ಇದ್ದದ್ದನ್ನೇ ಮತ್ತೆ ಎಬ್ಬಿಸುತ್ತೇವೆ ಎಂದು ಕಟ್ಟುವವರ ವಾದ. ನಗರದ ಹಳೆಯ ನಕ್ಷೆಗಳೆಲ್ಲ ಅದೇ ಯುದ್ಧದಲ್ಲಿ ಸುಟ್ಟುಹೋಗಿದ್ದವು, ಹಾಗಾಗಿ ಸುಳ್ಳಿಗೆ ಒಳ್ಳೆಯ ಕಾಲ.

ಉಳಿದದ್ದು ಈ ಒಂದು ಹಾಳೆ. ನಾಟಕದ ಪರದೆ ಬರೆಯುತ್ತಿದ್ದ ತೀಖೊನ್ ಸವ್ವಿಚ್ ಎಂಬ ಮುದುಕ ತನ್ನ ಹರೆಯದಲ್ಲಿ, ಸಾವಿರದ ಒಂಬೈನೂರ ಮೂವತ್ತಾರರಲ್ಲಿ, ಚೌಕವನ್ನು ಅಳೆದು ಬರೆದು ನಗರಸಭೆಯ ಮೊಹರು ಹಾಕಿಸಿದ್ದ. ಬರೆದದ್ದು ಒದ್ದೆಯಾದರೆ ನೇರಳೆ ಶಾಯಿಯಾಗುವ ಪೆನ್ಸಿಲಿನಲ್ಲಿ. ಸಾಯುವ ಮುಂಚೆ ಅದನ್ನು ಕಪಿತೋಲಿನಾಳ ಕೈಗಿತ್ತಿದ್ದ. ಜೆರಾಕ್ಸ್ ಮಾಡಿಸಿಕೋ ಎಂದು ನಾಟಕಕ್ಕೆ ಬಂದವರು ಬಾಗಿಲಲ್ಲಿ ಬಿಚ್ಚಿಕೊಡುವ ಕೋಟುಗಳನ್ನು ಕಾಯುವ ಗೆಳತಿ ರಿಮ್ಮಾ ವಾರದಿಂದ ಬಡಿದುಕೊಂಡಿದ್ದಳು. ಕಂಡವರ ಕೈಗೆ ಕೊಡಲು ಇವಳಿಗೆ ಮನಸ್ಸಾಗಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿತ್ತು. ದಾರ ಬಿಚ್ಚಿದಳು. ನದಿಯ ಗಾಳಿ ಬೀಸಿತು. ಹಾಳೆ ಜಾರಿ, ಕರಗಿದ ಹಿಮದ ರಾಡಿಯಲ್ಲಿ ಅಂಗಾತ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ತಟ್ಟನೆ ಎತ್ತಿಕೊಳ್ಳುತ್ತಿದ್ದರು. ಆದರೆ ಇವಳು ಮೂವತ್ತೆಂಟು ವರ್ಷ ರಂಗದ ಮುಂದಿನ ಗೂಡಿನಲ್ಲಿ ಕೂತು, ಮಾತು ಮರೆತ ನಟರಿಗೆ ಸಾಲುಗಳನ್ನು ಪಿಸುಗುಟ್ಟಿದವಳು. ಮಾತಿನ ಹಾಳೆ ನೆಲಕ್ಕೆ ಬಿದ್ದರೆ ಮೊದಲು ಅದರ ಮೇಲೆ ಕೂರಬೇಕು, ಆಮೇಲೆ ಎತ್ತಬೇಕು, ಇಲ್ಲದಿದ್ದರೆ ಆಟ ಕೆಡುತ್ತದೆ. ರಂಗದವರ ಈ ನಂಬಿಕೆಯನ್ನು ಮಹಾ ನಟರೂ ಮೀರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದಂತೆ, ಕಲಿತ ಗುಣವೂ ಅಷ್ಟೇ. ಸಮಿತಿಗೆಂದು ತೊಟ್ಟುಬಂದ ಹಾಲುಬಣ್ಣದ ಕೋಟಿನೊಂದಿಗೇ ಅವಳು ಹಾಳೆಯ ಮೇಲೆ ಧೊಪ್ಪನೆ ಕುಳಿತಳು.

ತಣ್ಣಗೆ ನೀರು ತಾಗಿದಾಗ ಅರಿವಾಯಿತು. ಎದ್ದು ನೋಡಿದರೆ ಹಾಳೆಯ ತುಂಬ ನೇರಳೆ ಕಲೆ. ಕಂಬ, ಮೆಟ್ಟಿಲು, ನದಿ ಎಲ್ಲವೂ ಒಂದೇ ಆಗಿಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅಳುವಷ್ಟೂ ಹೊತ್ತಿರಲಿಲ್ಲ, ಸಮಿತಿಯ ಕಾರು ಬಂದೇಬಿಟ್ಟಿತು.

ಅಧ್ಯಕ್ಷ ಲುಕ್ಯಾನೋವ್ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಕಟ್ಟುವವರ ವಕೀಲ ನಕ್ಕ.

"ಅಜ್ಜಿ, ಇದು ನಕ್ಷೆನೋ, ಬೀಟ್‌ರೂಟ್ ಸಾರೋ?"

ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇಡೀ ಊರಿನ ನದಿಯನ್ನು ತಾನೊಬ್ಬಳೇ ಕಳೆದೆ ಎಂದು ತಿರುಗಿ ಒಳಗೆ ಹೊರಟಳು.

ಬಾಗಿಲಲ್ಲಿ ನಿಂತಿದ್ದ ರಿಮ್ಮಾ ಜನರ ಮುಖಕ್ಕಿಂತ ಕೋಟಿನ ಬೆನ್ನನ್ನೇ ಹೆಚ್ಚು ನೋಡಿದವಳು. ತನ್ನನ್ನು ದಾಟಿ ಒಳಗೆ ಹೋಗುತ್ತಿದ್ದವಳನ್ನು ಹಿಡಿದು, ಬೆನ್ನು ಸಮಿತಿಯವರಿಗೆ ಕಾಣುವಂತೆ ನಿಲ್ಲಿಸಿದಳು.

"ಕಪಾ, ಅಲ್ಲಾಡಬೇಡ ಕಣೇ. ಚೌಕ ಪೂರ್ತಿ ನಿನ್ನ ಕುಂಡೆ ಮೇಲೇ ಇದೆ."

ನಿಜವೇ. ಒದ್ದೆ ಪೆನ್ಸಿಲು ಬಟ್ಟೆಗೆ ಹತ್ತಿ ಆರು ಕಂಬ, ಎರಡು ಸಾಲು ಮನೆ, ದುಂಡು ಮೊಹರು, ಎಲ್ಲ ತಿರುಗುಮುರುಗಾಗಿ ಮೂಡಿದ್ದವು. ರಿಮ್ಮಾ ತನ್ನ ಕೈಚೀಲದ ಕನ್ನಡಿ ಹಿಡಿದಳು. ಅಧ್ಯಕ್ಷ ಬಗ್ಗಿ, ಕನ್ನಡಿಯಲ್ಲಿ ಮೊಹರನ್ನೂ ಇಸವಿಯನ್ನೂ ಓದಿದ. ಎದುರು ಬದಿಯ ಬರಹ ಮಾತ್ರ ಅರ್ಧಕ್ಕೆ ನಿಂತಿತ್ತು. "ಇಲ್ಲಿಂದ ನದಿಯವರೆಗೆ..." ಎಂದು ತಡವರಿಸಿದ.

ಮರೆತವನಿಗೆ ಸಾಲು ಕೊಡುವುದು ಅವಳ ಕಸುಬು. ತನಗರಿವಿಲ್ಲದೆ ಪಿಸುಗುಟ್ಟಿದಳು.

"ಗಟ್ಟಿಯಾಗಿ ಹೇಳಿ, ಕಪಿತೋಲಿನಾ ಅರ್ಕಾದ್ಯೆವ್ನಾ. ಬರೆದುಕೊಳ್ಳಬೇಕು," ಎಂದ ಅಧ್ಯಕ್ಷ.

ಮೂವತ್ತೆಂಟು ವರ್ಷದಲ್ಲಿ ಅವಳಿಗೆ ಯಾರೂ ಹಾಗೆಂದಿರಲಿಲ್ಲ. ಗಂಟಲು ಸರಿಮಾಡಿಕೊಂಡಳು.

"ಇಲ್ಲಿಂದ ನದಿಯವರೆಗೆ ನೂರ ಹದಿನೆಂಟು ಮೀಟರು. ನಡುವೆ ಏನೂ ಇಲ್ಲ."

ಮಾತು ಕಂಬಗಳಿಗೆ ಬಡಿದು ಚೌಕದವರೆಗೂ ಹೋಯಿತು. ಅಧ್ಯಕ್ಷ ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿದ. ಉಳಿದ ಅರ್ಧ ಅಕ್ಷರಗಳು ಅವಳ ಮಾತಿಗೆ ಸರಿಯಾಗಿ ಹೊಂದಿದವು. ಹೋಟೆಲಿನ ಅರ್ಜಿ ಇವತ್ತಿಗೆ ಬಿತ್ತು, ಕೋಟು ಮಾತ್ರ ದಾಖಲೆಗೆ ಬೇಕು ಎಂದ.

ಅವಳು ಕೋಟು ಬಿಚ್ಚಿಕೊಟ್ಟಳು. ರಿಮ್ಮಾ ಅಭ್ಯಾಸಬಲದಿಂದ, ಕೋಟು ಒಪ್ಪಿಸಿದವರಿಗೆ ಕೊಡುವ ಹಿತ್ತಾಳೆಯ ನಂಬರು ಬಿಲ್ಲೆಯೊಂದನ್ನು ಅವಳ ಅಂಗೈಗೆ ಒತ್ತಿ, ಚಳಿಯಲ್ಲಿ ಸಾಯ್ತೀಯ, ಒಳಗೆ ಬಾ ಎಂದು ಬೈದಳು. ಕಪಿತೋಲಿನಾ ಕದಲಲಿಲ್ಲ. ಬರೀ ಸ್ವೆಟರಿನಲ್ಲಿ ನಡುಗುತ್ತ, ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, ಒಡೆಯುತ್ತಿದ್ದ ವೋಲ್ಗಾದ ಮಂಜುಗಡ್ಡೆಯನ್ನು ನೋಡುತ್ತ ನಿಂತಳು.