ಜಾರುನಡೆಯ ಮೇಡಂ

ಬಂದ ದಿನವೇ ಆ ಹೆಣ್ಣುಕುದುರೆ ಲಾಯದ ಮೂಲೆಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ನಿಂತುಬಿಟ್ಟಿತು. ಬೆನ್ನು ಅನ್ನುವುದು ಮರ್ಯಾದೆಯ ಮಾತು, ನಿಜ ಹೇಳಬೇಕೆಂದರೆ ಅಂಡು. ನೀರು ಇಟ್ಟರೂ ತಿರುಗುವುದಿಲ್ಲ, ಹುಲ್ಲು ಹಾಕಿದರೂ ತಿರುಗುವುದಿಲ್ಲ, ಹಾಕಿದವರು ಆಚೆ ಹೋದಮೇಲೆ ಮಾತ್ರ ತಿಂದು ಮುಗಿಸುತ್ತದೆ. ಮೂರು ದಿನ ನೋಡಿದ ಅತ್ತೆ, "ಏನೇ ಇವಳು, ಅರ್ಜಿ ಹಿಡ್ಕೊಂಡು ಎದುರಿಗೆ ನಿಂತ್ರೂ ತಲೆ ಎತ್ತದ ಆಫೀಸಿನ ಮೇಡಂ ಥರ ಆಡ್ತಾಳಲ್ಲ!" ಅಂದರು. ಅಲ್ಲಿಗೆ ಹೆಸರಿಡುವ ಕೆಲಸ ಮುಗಿಯಿತು. ಅಂದಿನಿಂದ ಅದು ಮೇಡಂ.

ಮೇಡಂ ಬಂದದ್ದು ಮಾವನಿಗೋಸ್ಕರ. ಆ ಲಾಯವಿದ್ದ ಕುದುರೆ ಸವಾರಿ ಶಾಲೆ ಕಟ್ಟಿದವರು ಮಾವ. ತಂಗಿ ತೀರಿಕೊಂಡಾಗ ಅವಳ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದು ಸಾಕಿದವರೂ ಅವರೇ. ಆ ಸೊಸೆಗೆ ಈಗ ನಲವತ್ತೊಂದು. ಆರು ಕುದುರೆ, ಹದಿನೈದು ಇಪ್ಪತ್ತು ಜನ ಕಲಿಯುವವರು, ಲಾಯ, ಅಂಗಳ ಎಲ್ಲಾ ಅವಳ ತಲೆಯ ಮೇಲೇ ಇತ್ತು. ಮಾವ ಮಾತ್ರ ಅವಳನ್ನು ಇನ್ನೂ ಮೊಂಡಿ ಎಂದೇ ಕರೆಯುತ್ತಿದ್ದರು. ಕರೆಯುತ್ತಿದ್ದರು ಅನ್ನಬೇಕು, ಯಾಕೆಂದರೆ ಹೋದ ವರ್ಷ ಒಂದು ಬೆಳಿಗ್ಗೆ, ಜೀನಿನ ಪಟ್ಟಿ ಬಿಗಿಯುತ್ತಿದ್ದ ಹಾಗೇ ಅವರು ಕುಸಿದರು. ಪಾರ್ಶ್ವವಾಯು. ಬಲಗೈ ಬಲಗಾಲು ಅರ್ಧಕ್ಕರ್ಧ ಹೋದವು, ಮಾತು ಪೂರ್ತಿ ಹೋಯಿತು. ಪೂರ್ತಿ ಅಂದರೆ ಒಂದೇ ಒಂದು ಉಳಿಯಿತು. "ಸಾಕು."

"ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ, ಒಂದು ದಿನಾನೂ ಸಾಕು ಅಂದವರಲ್ಲ ಈ ಮನುಷ್ಯ," ಅನ್ನುತ್ತಿದ್ದರು ಅತ್ತೆ. "ಈಗ ನೋಡು. ಕಾಫಿ ಬೇಕಾ ಅಂದ್ರೆ ಸಾಕು, ಬೇಡ್ವಾ ಅಂದ್ರೆ ಸಾಕು, ಕಿಟಕಿ ಹಾಕ್ಲಾ ಅಂದ್ರೂ ಸಾಕು. ಯಾವ ಸಾಕು ಅಂತ ತಿಳ್ಕೊಳ್ಳಲಿ ನಾನು?" ಅದಕ್ಕೂ ಮಾವ "ಸಾಕು" ಅಂದರೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಸೊಸೆಗೆ ನಗು ಬರುತ್ತಿರಲಿಲ್ಲ. ಸಾಕಿದವರ ಬಾಯಲ್ಲಿ ಉಳಿಯಬೇಕಾದ ಮಾತು ಇದೇನಾ? ಸಾಕಿದ್ದೇ ಸಾಕು ಅಂದ ಹಾಗೆ ಕೇಳಿಸಿ ಎದೆ ಚುರುಕ್ ಅನ್ನುತ್ತಿತ್ತು.

ಈಚೆಗೆ ಮಾವ ಮಗ್ಗುಲು ಬದಲಿಸಿ ಗೋಡೆಗೆ ಮುಖ ಮಾಡಿದ್ದರು. ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ಬಂದರೆ ಕಣ್ಣು ಮುಚ್ಚಿಬಿಡುವರು. ಊಟ ನಾಲ್ಕು ಚಮಚಕ್ಕೆ ಇಳಿದಿತ್ತು. ಡಾಕ್ಟರು ಸೊಸೆಯನ್ನು ಬಾಗಿಲಾಚೆ ಕರೆದು, "ನೋಡಮ್ಮ, ದೇಹ ಏಳಬಲ್ಲದು. ಮನಸ್ಸು ಏಳ್ತಾ ಇಲ್ಲ. ಹೀಗೇ ಮಲಗಿದ್ರೆ ಮಲಗೇ ಹೋಗ್ತಾರೆ," ಎಂದರು. ಇವಳು ತಡವರಿಸುತ್ತ, ಕುದುರೆ ಮೇಲೆ ಕೂರಿಸಿದರೆ ಹೇಗೆ ಎಂದು ಕೇಳಿದಳು. ಡಾಕ್ಟರು ನಗುತ್ತಾರೆ ಅಂದುಕೊಂಡಿದ್ದಳು, ನಗಲಿಲ್ಲ. "ಕೂರಬಹುದು, ಸೊಂಟಕ್ಕೆ ಒಳ್ಳೇದೇ. ಆದ್ರೆ ಬೆನ್ನು ಕುಲುಕಬಾರದು. ಒಂದು ಏಟು ಬಿದ್ರೂ ನಾನು ಜವಾಬ್ದಾರನಲ್ಲ."

ಕುಲುಕದ ಕುದುರೆ ಎಲ್ಲಿಂದ ತರುವುದು? ಅವರ ಆರೂ ಕುದುರೆಗಳು ನಡಿಗೆ ಬಿಟ್ಟು ಸ್ವಲ್ಪ ಜೋರಾದರೆ ಕುಕ್ಕುಲೋಟಕ್ಕೆ ಇಳಿಯುವಂಥವು. ಹೆಸರೇ ಹೇಳುವಂತೆ ಅದು ಮೇಲಿದ್ದವರನ್ನು ಕುಕ್ಕುವ ಓಟ. ಹುಟ್ಟಿನಿಂದಲೇ ಬೇರೆ ನಡೆ ತಂದ ಕುದುರೆಗಳು ಕೆಲವು ಇರುತ್ತವೆ. ಅವು ಎರಡೆರಡು ಕಾಲು ಒಟ್ಟಿಗೆ ಎತ್ತಿ ಹಾರುವುದಿಲ್ಲ. ನಾಲ್ಕು ಗೊರಸೂ ಒಂದರ ಹಿಂದೆ ಒಂದು ನೆಲ ಮುಟ್ಟುತ್ತವೆ, ವೇಗ ಬರುತ್ತದೆ, ಬೆನ್ನು ಮಾತ್ರ ಅಲ್ಲಾಡುವುದಿಲ್ಲ. ತುಂಬಿದ ಲೋಟ ಹಿಡಿದು ಕೂತರೂ ಚೆಲ್ಲುವುದಿಲ್ಲ. ಮಾವ ಅದನ್ನು ಜಾರುನಡೆ ಎನ್ನುತ್ತಿದ್ದರು, ಅಂಥದೊಂದನ್ನು ಕಟ್ಟಬೇಕೆಂದು ಜೀವಮಾನವೆಲ್ಲ ಆಸೆಪಟ್ಟಿದ್ದರು. ಒಬ್ಬ ಕಂಟ್ರಾಕ್ಟರನ ಮನೆಯಲ್ಲಿ ಅಂಥ ಕುದುರೆ ಇದೆ, ಯಾರನ್ನೂ ಹತ್ತಿರ ಸೇರಿಸುವುದಿಲ್ಲ ಎಂದು ಸುದ್ದಿ ಬಂತು. ಆತ ನೆಂಟರೆದುರು ಆ ನಡೆ ತೋರಿಸಿ ಬೀಗಬೇಕೆಂದು ಲಗಾಮು ಜಗ್ಗಿ ಜಗ್ಗಿ ಅದರ ಬಾಯಂಚು ಹರಿದಿಟ್ಟಿದ್ದ. "ತಗೊಂಡು ಹೋಗಿ, ಪೀಡೆ ತೊಲಗಲಿ," ಎಂದು ಹಗ್ಗ ಕೈಗಿತ್ತ.

ಪೀಡೆಯ ಮೈ ನುಣ್ಣಗೆ, ಹುರಿದ ಕಾಫಿಬೀಜದ ಬಣ್ಣಕ್ಕಿತ್ತು. ಬಾಯಂಚಿನಲ್ಲಿ ಎರಡು ಬಿಳಿ ಗಾಯದ ಗೆರೆ.

ಹತ್ತುವುದು ಆಮೇಲಿನ ಮಾತು. ಮೊದಲು ನೆಲದ ಮೇಲೆ ನಿಂತು ಮಾಡುವ ಕೆಲಸವಿರುತ್ತದೆ. ಜೀನಿಲ್ಲ, ಲಗಾಮಿಲ್ಲ. ದುಂಡನೆಯ ಬೇಲಿ, ಮಧ್ಯೆ ಮನುಷ್ಯ, ಸುತ್ತ ಕುದುರೆ, ಕೈಯಲ್ಲೊಂದು ಮೆತ್ತನೆ ಹಗ್ಗ. ಕುದುರೆಯ ತೊಡೆಯ ಕಡೆಗೆ ಒಂದು ಹೆಜ್ಜೆ ಇಟ್ಟರೆ ಅದು ನಡೆಯಬೇಕು, ಕೈ ಎತ್ತಿ ಹಿಂದೆ ಸರಿದರೆ ನಿಲ್ಲಬೇಕು, ಬೆನ್ನು ತಿರುಗಿಸಿದರೆ ತಾನಾಗಿ ಹತ್ತಿರ ಬರಬೇಕು. ಹೇಳುವುದಕ್ಕೆ ಇಷ್ಟೇ. ಸೊಸೆ ಇದನ್ನು ಎಷ್ಟೋ ಕುದುರೆಗಳಿಗೆ ಕಲಿಸಿದ್ದಳು, ಹಾಗಾಗಿ ಎದೆಯುಬ್ಬಿಸಿಕೊಂಡೇ ಒಳಗೆ ಹೋದಳು. ಮೇಡಂ ಸುತ್ತುತ್ತಿತ್ತು, ಕಣ್ಣಿನ ಬಿಳಿ ಕಾಣುವ ಹಾಗೆ, ಬೇಲಿಗೆ ಮೈ ಉಜ್ಜಿಕೊಂಡು. ಹತ್ತಿರ ಬಂತೋ ಎನ್ನುವಷ್ಟರಲ್ಲಿ ಹೌಹಾರಿ ಓಡುತ್ತಿತ್ತು. ಒಂದು ವಾರ ಹೀಗೇ.

ಎರಡನೇ ವಾರ ಅತ್ತೆ ಒಂದು ಉಪಾಯ ಮಾಡಿದರು. "ಇಲ್ಲಿ ಗೋಡೆ ನೋಡೋ ಬದಲು ಅಲ್ಲಿ ನಿಮ್ಮ ಸೊಸೆ ಸೋಲೋದನ್ನಾದ್ರೂ ನೋಡಿ," ಎಂದು ಮಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬೇಲಿಯ ಪಕ್ಕಕ್ಕೆ ತಳ್ಳಿಕೊಂಡು ಬಂದರು. ಕಾಲಿಗೆ ಶಾಲು ಹೊದಿಸಿ ತಾವು ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸತೊಡಗಿದರು.

ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. "ಸಾಕು," ಅಂದರು ಮಾವ.

ಸೊಸೆಯ ಮುಖ ಚಿಕ್ಕದಾಯಿತು. ನೋಡಲಾಗುತ್ತಿಲ್ಲ ಅವರಿಗೆ, ಅಂದುಕೊಂಡಳು. ಕೆಲಸ ನಿಲ್ಲಿಸಿ ಹಗ್ಗ ಸುತ್ತಿ ಮೇಡಂಗೆ ದಾರಿ ಬಿಟ್ಟು ಲಾಯಕ್ಕೆ ಕಳಿಸಿದಳು. ಅತ್ತೆ ಕುರ್ಚಿ ತಿರುಗಿಸಿದರು. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನ ಐದೇ ನಿಮಿಷಕ್ಕೆ. "ನನ್ನ ಕೈಲಿ ಆಗಲ್ಲ ಅಂತ ಅವರಿಗೆ ಗೊತ್ತಾಗಿದೆ ಅತ್ತೆ," ಎಂದು ಅವಳು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಅಂದಳು. "ನನಗೆ ಸವಾರಿ ಕಲಿಸುವಾಗಲೂ ಒಂದು ದಿನ ಭೇಷ್ ಅಂದವರಲ್ಲ. ಬಾಯಿದ್ದಾಗಲೇ ಅನ್ನಲಿಲ್ಲ, ಈಗೆಲ್ಲಿಂದ?"

"ನನಗೆ ಮಾತ್ರ ಅಂದಿದಾರಾ? ನಿನಗೆ ಬೈದಿದ್ದಾದ್ರೂ ಇದೆ, ನನಗೆ ಅದೂ ಇಲ್ಲ," ಅಂದರು ಅತ್ತೆ. "ಮುನಿಸಿಕೊಳ್ಳೋಕೆ ಪುರುಸೊತ್ತಿದ್ರೆ ಆ ಪಾತ್ರೆನೂ ಉಜ್ಜು."

ವಿಷಯ ಬಯಲಾದದ್ದು ಅತ್ತೆ ಮನೆಯಲ್ಲಿಲ್ಲದ ಒಂದು ದಿನ. ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು, ಹೋಗುವ ಮುಂಚೆ ಕುರ್ಚಿಯನ್ನು ಬೇಲಿಯ ಹತ್ತಿರ ಬಿಟ್ಟಿದ್ದರು. "ಸಾಕು" ಕೇಳಿಬಂತು ಬೇಲಿಯಾಚೆಯಿಂದ. ಇವತ್ತು ನಿಲ್ಲಿಸಬಾರದು ಎಂದು ಸೊಸೆ ಹಲ್ಲು ಕಚ್ಚಿದಳು. ನಿಲ್ಲಿಸಿದರೂ ಕುರ್ಚಿ ತಳ್ಳಬೇಕಾದವಳು ತಾನೇ ತಾನೆ? ಕೇಳದವಳಂತೆ ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ "ಸಾಕು", ಈ ಸಲ ಜೋರಾಗಿ. ಅವಳು ಮೇಡಂನತ್ತ ಇನ್ನೊಂದು ಹೆಜ್ಜೆ ಇಟ್ಟಳು, ಅದು ಧೂಳೆಬ್ಬಿಸಿ ದೂರ ಓಡಿತು. ಮೂರನೆಯ ಸಲ "ಸಾಕು!" ಎಂದಾಗ ಅದು ಗದರಿಕೆಯೇ ಆಗಿತ್ತು. ಬಾಲ್ಯದಲ್ಲಿ ಕೇಳಿದ ಅದೇ ಗದರಿಕೆ. ಅವಳ ಕಾಲು ತಾನಾಗಿ ನಿಂತಿತು. ಉಳಿದ ದಿನ ಈ ಮಾತಿಗೆ ಮಾವನ ಕಡೆ ತಿರುಗುತ್ತಿದ್ದಳು, ಈ ಸಲ ಅವಳ ಕಣ್ಣು ಕುದುರೆಯ ಮೇಲೇ ಇತ್ತು, ಆದ್ದರಿಂದ ಕಂಡಿತು: ಮೇಡಂನ ಒಂದು ಕಿವಿ, ಅವಳ ಕಡೆಗಿದ್ದ ಎಡಗಿವಿ, ಅವಳತ್ತ ತಿರುಗಿತ್ತು. ಕಿವಿ ಒಂದೇ, ಅದೂ ಒಂದು ಬೆರಳಿನಷ್ಟು.

ಅವಳು ಹಿಂದೆ ಸರಿದು ಬೆನ್ನು ತಿರುಗಿಸಿದಳು. ಹಿಂದಿನಿಂದ ಸದ್ದಿಲ್ಲ. ಬಹಳ ಹೊತ್ತಾದ ಮೇಲೆ ಬಿಸಿಯುಸಿರು ಕುತ್ತಿಗೆಗೆ ತಾಗಿತು.

ಇಷ್ಟು ದಿನ ಮಾವ ಅವಳನ್ನು ಬೇಡ ಅನ್ನುತ್ತಿರಲಿಲ್ಲ. ಎಲ್ಲಿ ಬಿಡಬೇಕು ಎಂದು ತೋರಿಸುತ್ತಿದ್ದರು. ಕುದುರೆ ಒಂದಿಷ್ಟು ಕೊಟ್ಟ ಕ್ಷಣವೇ ಕೇಳುವುದನ್ನು ನಿಲ್ಲಿಸಬೇಕು, ನಿಲ್ಲಿಸಿದ್ದೇ ಅದಕ್ಕೆ ಬಹುಮಾನ. ಇವಳೋ, ಅವರು ತಡೆಯುವವರೆಗೂ, ಕಿವಿ ಕೊಟ್ಟರೆ ಕತ್ತು ಕೊಡು, ಕತ್ತು ಕೊಟ್ಟರೆ ಹೆಜ್ಜೆ ಕೊಡು ಎಂದು ಇನ್ನೊಂದು, ಇನ್ನೊಂದು ಅಂತ ಬೆನ್ನುಹತ್ತಿದ್ದಳು. ಕಂಟ್ರಾಕ್ಟರ ಲಗಾಮಿನಿಂದ ಮಾಡಿದ್ದನ್ನೇ ಇವಳು ಕಾಲಿನಿಂದ ಮಾಡಿದ್ದಳು. ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಂತೋಷವೂ ನುಗ್ಗಿತು, ಯಾಕೆಂದರೆ ಮಾವ ಅಷ್ಟು ದಿನವೂ ಅವಳ ಜತೆ ಕೆಲಸ ಮಾಡುತ್ತಲೇ ಇದ್ದರು. ಕುರ್ಚಿಯ ಹತ್ತಿರ ಹೋಗಿ, "ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?" ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಮಾವನ ಭುಜ ಕುಲುಕುತ್ತಿತ್ತು. ಅವರು ನಗುತ್ತಿದ್ದರು, ವರ್ಷದ ಮೇಲೆ ಮೊದಲ ಸಲ.

ಅಲ್ಲಿಂದ ಮುಂದೆ ಇಬ್ಬರೂ ಸೇರಿ ದುಡಿದರು. ಅವಳು ನಡೆಸುತ್ತಿದ್ದಳು, ಅವರು ತಡೆಯುತ್ತಿದ್ದರು. ಕೈ ಕತ್ತಿನ ಮೇಲೆ, ಸಾಕು. ಕೈ ಬಾಯಂಚಿನ ಗಾಯದ ಹತ್ತಿರ, ಮುಟ್ಟುವ ಮುಂಚೆಯೇ ಸಾಕು. ಒಂಬತ್ತು ದಿನಕ್ಕೆ ಮೇಡಂ ಅಂಡು ತಿರುಗಿಸುವುದನ್ನು ಬಿಟ್ಟು ಬಾಗಿಲಿಗೆ ಮುಖ ಮಾಡಿತು. ತಿಂಗಳಾಗುವಷ್ಟರಲ್ಲಿ ಬರೀ ಮುಖಪಟ್ಟಿ ಹಾಕಿಸಿಕೊಂಡು, ಬೆನ್ನ ಮೇಲೆ ಅವಳನ್ನು ಹೊತ್ತು ಬೇಲಿಯ ಸುತ್ತ ನಡೆಯಿತು. ಒಂದು ಬೆಳಿಗ್ಗೆ ಅವಳು ಸುಮ್ಮನೆ ಉಸಿರು ತುಂಬಿಕೊಂಡು ನೆಟ್ಟಗೆ ಕೂತಳು ಅಷ್ಟೇ. ಗೊರಸಿನ ಸದ್ದು ಬದಲಾಯಿತು. ತಕತಕ ತಕತಕ, ಎಡೆಬಿಡದೆ, ಕೆಳಗೆ ಅಷ್ಟು ವೇಗ, ಮೇಲೆ ಇಷ್ಟೂ ಅಲುಗಾಟವಿಲ್ಲ. ಯಾರೂ ಜಗ್ಗದೆ, ಯಾರೂ ಹೊಡೆಯದೆ, ಮೇಡಂ ತನ್ನ ನಡೆಯನ್ನು ತಾನೇ ತಂದುಕೊಟ್ಟಿತ್ತು. ಆ ದಿನ ಮಧ್ಯಾಹ್ನ ಮಾವ ಎರಡು ಸಲ ಬಡಿಸಿಕೊಂಡರು, ವ್ಯಾಯಾಮದ ಹುಡುಗಿ ಬಂದಾಗ ತಾವೇ ಕಾಲು ಚಾಚಿದರು.

ಹತ್ತಿಸುವ ದಿನ ಡಾಕ್ಟರನ್ನೂ ಕರೆದರು. ಕುದುರೆ ಹತ್ತುವ ಕಟ್ಟೆಯ ಮೇಲೆ ಮಾವನನ್ನು ನಿಲ್ಲಿಸಿ, ಮೇಡಂನನ್ನು ಅದಕ್ಕೆ ಒರಗಿಸಿದಂತೆ ತಂದರು. ಡಾಕ್ಟರು ಒಂದು ಪಕ್ಕ, ವ್ಯಾಯಾಮದ ಹುಡುಗಿ ಒಂದು ಪಕ್ಕ ಹಿಡಿದು ಕೂರಿಸಿದರು. ಬಲಪಾದವನ್ನು ಜೀನಿನಿಂದ ತೂಗುವ ರಿಕಾಪಿಗೆ ಸೇರಿಸಲು ಮೂರು ಸಲ ಬೇಕಾಯಿತು. ಮೇಡಂ ಕಲ್ಲಿನ ಹಾಗೆ ನಿಂತಿತ್ತು. ಸೊಸೆ ಕುದುರೆಯ ಎಡಕ್ಕೆ ನಿಂತು ಹಗ್ಗವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಕೂರಿಸಿದವರಿಬ್ಬರೂ ಬೇಲಿಯಾಚೆ ಸರಿದ ಮೇಲೆ ಮೊದಲ ಸುತ್ತು ನಡಿಗೆ. ಮಾವನ ಬೆನ್ನು ಸುತ್ತು ಸುತ್ತಿಗೂ ನೆಟ್ಟಗಾಗುತ್ತಿತ್ತು. ಮೂರನೆಯ ಸುತ್ತಿನಲ್ಲಿ ಅವರು ಬಲಕ್ಕೆ ವಾಲಿದರು.

ಹಿಡಿಯಲು ಆ ಕಡೆ ಯಾರೂ ಇರಲಿಲ್ಲ. ಅತ್ತೆ ಕಿರುಚಿದರು. ಸೊಸೆ ಹಗ್ಗ ಜಗ್ಗುವಷ್ಟರಲ್ಲಿ ಮೇಡಂ ತಾನೇ ಬಲಕ್ಕೆ ಅರ್ಧ ಹೆಜ್ಜೆ ಸರಿದು, ಜಾರುತ್ತಿದ್ದ ಭಾರದ ಕೆಳಗೆ ತನ್ನ ಬೆನ್ನನ್ನು ತಂದು ನಿಲ್ಲಿಸಿತು. ಮಾವ ಜೂಲು ಹಿಡಿದು ಮತ್ತೆ ನಡುವಿಗೆ ಬಂದರು. ಡಾಕ್ಟರು ಬೇಲಿ ಹಾರಲು ಹೊರಟವರು ಒಂದು ಕಾಲು ಒಳಗೆ, ಒಂದು ಹೊರಗೆ ನಿಂತುಬಿಟ್ಟರು.

ಸೊಸೆ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಇಳಿಸ್ತೀನಿ ಮಾವ, ಇವತ್ತಿಗೆ ಇಷ್ಟೇ," ಅಂದಳು. ಮಾವ ಬೇಡವೆಂದು ತಲೆಯಾಡಿಸಿದರು. ಆಮೇಲೆ ಬಗ್ಗಿ, ಸರಿಯಿದ್ದ ಎಡಗೈಯನ್ನು ಚಾಚಿ, ಅವಳ ಮುಷ್ಟಿಯ ಮೇಲೆ ಇಟ್ಟರು. ಸಮಾಧಾನ ಮಾಡುತ್ತಿದ್ದಾರೆ ಅಂದುಕೊಂಡಳು. ಅಲ್ಲ. ಅವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

ಅವಳಿಗೆ ಭಯವಾಯಿತು. ಬಿದ್ದರೆ ಏನು ಗತಿ, ಇರುವ ಒಬ್ಬ ಮನುಷ್ಯ. ತಾಯಿ ಹೋದಾಗ ಅವಳಿಗೆ ತಿಳಿವಳಿಕೆ ಇರಲಿಲ್ಲ, ಈಗ ಇದೆ. ಕುದುರೆ ತನ್ನನ್ನು ನಂಬುವ ಹಾಗೆ ಮಾಡಲು ಎರಡು ತಿಂಗಳು ಹೆಣಗಿದವಳು, ತಾನು ಅದನ್ನು ನಂಬಿದ್ದೇನೆಯೇ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮಾವ ಕಿರುಬೆರಳಿಗೆ ಬಂದಿದ್ದರು. ಅವಳು ಅದನ್ನು ತಾನೇ ಬಿಚ್ಚಿದಳು.

ಮುಖಪಟ್ಟಿಯಿಂದ ಹಗ್ಗದ ಕೊಕ್ಕೆ ಕಳಚಿ, ಹಗ್ಗ ಸುತ್ತಿಕೊಂಡು, ಅಂಗಳದ ನಡುವಿಗೆ ಹಿಂದೆ ಸರಿದು ನಿಂತಳು. ಮಾವ ಉಸಿರು ತುಂಬಿಕೊಂಡು ನೆಟ್ಟಗೆ ಕೂತದ್ದು ಕಂಡಿತು. ತಕತಕ ತಕತಕ ಶುರುವಾಯಿತು.

"ಏನೇ, ಬಿಟ್ಟೇ ಬಿಟ್ಯಾ!" ಎಂದು ಅತ್ತೆ ಬೇಲಿಯಾಚೆಯಿಂದ ಬಾಯಿ ಬಡಿದುಕೊಂಡರು.

"ಬಿಟ್ಟೆ ಅತ್ತೆ," ಅಂದಳು ಅವಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಕೈ ಎತ್ತಿದರೆ ಮೇಡಂ ನಿಲ್ಲಬೇಕೇನೋ ಅಂದುಕೊಂಡುಬಿಟ್ಟೀತು.