ಚೀಲದಲ್ಲಿ ಹುಡುಕಿದರೆ ಸಿಗದ ರೈ

ನೆಲದ ಹದ ಆರುತ್ತಿತ್ತು. ಬಿತ್ತುವುದು ಬಿಟ್ಟು ಯಜಮಾನ ಅಂಗಳದಲ್ಲಿ ತಾಡಪತ್ರಿ ಹಾಸಿ, ಹೊಸ ಗೋಧಿ ಬೀಜದ ಚೀಲ ಸುರಿದುಕೊಂಡು, ಕನ್ನಡಕ ಏರಿಸಿ ಒಂದೊಂದೇ ಕಾಳು ಆರಿಸುತ್ತ ಕೂತಿದ್ದ. ಬೆಳಗಿನಿಂದ ಇದೇ ಕೆಲಸ. ಯಜಮಾನಿಗೆ ತಲೆ ಚಿಟ್ಟು ಹಿಡಿದಿತ್ತು.

“ಏನ್ರೀ ಹುಡುಕ್ತಾ ಇದೀರಾ?”

“ರೈ, ಗೋಧಿ ಥರಾನೇ ಕಾಣೋ ಬೇರೆ ಧಾನ್ಯ. ಇದ್ರಲ್ಲಿ ಅದನ್ನ ಸೇರಿಸಿದ್ದಾರಂತೆ. ಗೋಧಿ ಹೊಲದಲ್ಲಿ ಆ ಕಳೆ ಕಿತ್ತು ಕಿತ್ತು ನನ್ನ ಸೊಂಟ ಬಿದ್ದೋಗಿದೆ. ಈಗ ನಾನೇ ಅದನ್ನ ಬಿತ್ಲಾ?”

“ಸಿಕ್ತಾ?”

“ಒಂದೂ ಇಲ್ಲ. ಬಚ್ಚಿಟ್ಟಿದ್ದಾರೆ.”

ಯಜಮಾನಿ ಹಣೆ ಚಚ್ಚಿಕೊಂಡಳು. ಹೋದ ವರ್ಷ ತುಕ್ಕು ರೋಗ ಬಂದು, ಎಲೆ ಮುಟ್ಟಿದರೆ ಕೈಗೆಲ್ಲ ಕಿತ್ತಳೆ ಪುಡಿ. ಕೊಯ್ದಾಗ ಸಿಕ್ಕಿದ್ದು ಬರೀ ಜೊಳ್ಳು. ಈ ಸಲವೂ ಬೆಳೆ ಕೈಕೊಟ್ಟರೆ ಹೊಲವನ್ನು ಗುತ್ತಿಗೆಗೆ ಬಿಡುವುದೊಂದೇ ದಾರಿ ಎಂದು ಅವಳಿಗೆ ಗೊತ್ತಿತ್ತು. ಬೀಜ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವ ನಾದಿನಿಗೆ ಫೋನ್ ಮಾಡಿದಳು: “ನಿಮ್ಮಣ್ಣನ ಜೊತೆ ನನ್ನ ಕೈಲಾಗಲ್ಲ ಕಣೇ, ಬೇಗ ಬಾ.”

ನಾದಿನಿ ಬಂದವಳೇ ರಾಶಿ ನೋಡಿ ನಕ್ಕಳು. “ಅಣ್ಣಾ, ರೈ ಚೀಲದಲ್ಲಿಲ್ಲ. ಪ್ರತಿ ಕಾಳಿನ ಒಳಗಿದೆ.”

“ನಾನು ಹೇಳ್ಲಿಲ್ವಾ!” ಯಜಮಾನ ಎದ್ದೇಬಿಟ್ಟ.

“ಪೂರ್ತಿ ಕೇಳು. ನಿಂಗೆ ಅಪ್ಪನ ಮೂಗು ಹೇಗೆ ಬಂತು? ಜೀವಕೋಶದಲ್ಲಿ ವರ್ಣತಂತು ಅಂತ ಸಣ್ಣ ಎಳೆಗಳಿರ್ತವೆ, ಗುಣ ಬರೋದು ಅವುಗಳಿಂದ. ರೈಗೆ ಗೋಧಿಯ ತುಕ್ಕು ಸುಲಭಕ್ಕೆ ತಾಗಲ್ಲ. ಅದಕ್ಕೇ ಎರಡನ್ನೂ ಕೂಡಿಸಿ ತಳಿ ಮಾಡಿ, ಅದನ್ನ ಮತ್ತೆ ಮತ್ತೆ ಗೋಧಿ ಜೊತೆನೇ ಕೂಡಿಸಿದ್ರು. ಕೊನೆಗೆ ಉಳಿದದ್ದು ರೈ ಎಳೆಯ ಒಂದು ತುಂಡು. ತುಕ್ಕು ತಡೆಯೋದು ಅದು. ಮಿಕ್ಕಿದ್ದೆಲ್ಲ ಗೋಧಿನೇ.”

“ಹಾಗಾದ್ರೆ ಇದಕ್ಕೆ ಕೊರತೆನೇ ಇಲ್ವಾ?”

“ಇದೆ. ಇಂಥ ಕೆಲವು ತಳಿಗಳ ಹಿಟ್ಟು ಕಲಸಿದ್ರೆ ಅಂಟಂಟು, ಬೇಕರಿಯವರು ಗೊಣಗ್ತಾರೆ. ಇದನ್ನ ಕಲಸಿ ನೋಡಿದೀವಿ, ಪರವಾಗಿಲ್ಲ.”

ಯಜಮಾನ ಕನ್ನಡಕ ತೆಗೆದಿಟ್ಟ. ಯಜಮಾನಿ ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರು: “ತುಕ್ಕು ಸುಮ್ನಿರತ್ತಾ? ಅದೂ ಬೇರೆ ದಾರಿ ಹುಡುಕ್ಕೊಂಡ್ರೆ?”

“ಅಯ್ಯೋ, ಹೊತ್ತು ಮುಳುಗೋವರೆಗೂ ಕೇಳ್ತಾನೇ ಇರಿ!” ಯಜಮಾನಿ ಸಿಡುಕಿದಳು.

ನಾದಿನಿ ಈ ಸಲ ನಗಲಿಲ್ಲ. “ಅತ್ತಿಗೆ, ಅಣ್ಣ ಕೇಳಿದ್ದು ಸರಿ. ಎಲ್ಲರೂ ಒಂದೇ ತುಂಡನ್ನ ನಂಬಿ ಬಿತ್ತಿದ ಕಡೆ ತುಕ್ಕು ಬದಲಾಗಿ ಗೆದ್ದಿದೆ. ಅದಕ್ಕೇ ಅರ್ಧ ಹೊಲಕ್ಕೆ ಇದು, ಇನ್ನರ್ಧಕ್ಕೆ ಬೇರೆ ಥರದ ತಡೆ ಇರೋ ತಳಿ. ಅದರ ಚೀಲ ನನ್ನ ಗಾಡಿಲಿದೆ. ಆಮೇಲೆ ವಾರವಾರ ಎಲೆ ತಿರುವಿ ನೋಡ್ಬೇಕು. ಬೇಜಾರಿಲ್ದೆ ನೋಡೋರು ಸಿಗೋದೇ ಕಷ್ಟ.”

ಸಿಟ್ಟಿನ ನಡುವೆಯೂ ಯಜಮಾನಿಗೆ ನಗು ಬಂತು. “ಈ ಮಹರಾಯರು ಇದಾರಲ್ಲ! ರೀ, ನಿಮ್ಮ ಅನುಮಾನಾನೆಲ್ಲ ಇನ್ಮೇಲೆ ಎಲೆ ಮೇಲೆ ಪಡಿ. ಈಗ ಏಳಿ.”

ಯಜಮಾನ ಬೀಜ ತುಂಬತೊಡಗಿದ. ಸಂಜೆಯೊಳಗೆ ಹೊಲದ ಎರಡೂ ಭಾಗ ಬಿತ್ತಿ ಮುಗಿಯಿತು.

ನೀವೂ ಅನುಮಾನ ಪಡಿ, ಬಿತ್ತುವ ಹದ ಮಾತ್ರ ಕಳೆದುಕೊಳ್ಳಬೇಡಿ. ಬೀಜ ಕೊಳ್ಳುವಾಗ ಈ ತಳಿ ಯಾವ ತುಕ್ಕನ್ನು ತಡೆಯುತ್ತದೆ, ಈಗಲೂ ತಡೆಯುತ್ತಿದೆಯೇ ಎಂದು ಕೇಳಿ. ಹೊಲಕ್ಕೆಲ್ಲ ಒಂದೇ ತಳಿ ಬೇಡ. ಎಲೆಯ ಮೇಲೆ ಪುಡಿ ಕಂಡ ದಿನವೇ ಕೃಷಿ ಕಚೇರಿಗೆ ತಿಳಿಸಿ. ನಾಳೆ ನೋಡೋಣ ಎಂದಿರೋ, ಅಷ್ಟರಲ್ಲಿ ಅದು ಗಾಳಿ ಹಿಡಿದು ಪಕ್ಕದವರ ಹೊಲ ಸೇರಿರುತ್ತದೆ.